ಹಳೇ ಪಿಕಪ್ ಜೀಪಿಗೆ ಹೈಡ್ರಾಲಿಕ್ ಕ್ಲಚ್: ಮೊದಲು ಅಳತೆ, ಆಮೇಲೆ ಸಾಮಾನು

ಕೊಡಗಿನ ಕಾಫಿ ತೋಟಗಳಲ್ಲಿ ಹಳೇ ಮಹೀಂದ್ರ ಪಿಕಪ್‌ಗಳು ಇವತ್ತಿಗೂ ದುಡಿಯುತ್ತಿವೆ. ಗೊಬ್ಬರದ ಮೂಟೆ, ಕಾಫಿ ಹಣ್ಣು, ಸ್ಪ್ರೇ ಮಾಡುವ ಡ್ರಮ್ಮು, ಲೈನ್ ಮನೆಯಿಂದ ಬರುವ ಕೆಲಸದವರು, ಎಲ್ಲಕ್ಕೂ ಅದೇ ಗಾಡಿ. ಎಷ್ಟೋ ಗಾಡಿಗಳಲ್ಲಿ ಪೆಟ್ರೋಲ್ ಇಂಜಿನ್ ಹೋಗಿ ಡೀಸೆಲ್ ಬಂದು ಕೂತಿದೆ. ಬಾಡಿ ಒಂದೆರಡು ಸಲ ಹೊಸದಾಗಿದೆ. ಕ್ಲಚ್ ಮಾತ್ರ ಹಳೇ ಕಾಲದ್ದೇ. ಪೆಡಲ್ಲಿಗೆ ಒಂದು ರಾಡು, ಅದು ಹೋಗಿ ಅಡ್ಡ ಶಾಫ್ಟಿಗೆ, ಅಲ್ಲಿಂದ ಕ್ಲಚ್ ಫೋರ್ಕಿಗೆ (ಕ್ಲಚ್ ಬಿಡಿಸುವ ಸನ್ನೆಕೋಲಿಗೆ) ಇನ್ನೊಂದು ರಾಡು ಅಥವಾ ಕೇಬಲ್ಲು.

ಇದನ್ನು ಹೈಡ್ರಾಲಿಕ್, ಅಂದರೆ ರಾಡಿನ ಬದಲು ಪೈಪಿನಲ್ಲಿರುವ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವಂತೆ, ಮಾಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಸ್ವಂತ ಕೈಯಲ್ಲಿ ಮಾಡುವವರಿಗೆ ಲೇತ್‌ನವರ ಮತ್ತು ವೆಲ್ಡಿಂಗ್‌ನವರ ಸಹಾಯ ಸ್ವಲ್ಪ ಬೇಕಾಗುತ್ತದೆ. ಗೋಣಿಕೊಪ್ಪ, ಕುಶಾಲನಗರದ ಕಡೆ ಅಂಥ ಕೆಲಸಕ್ಕೆ ತೊಂದರೆ ಇಲ್ಲ. ಗ್ಯಾರೇಜಿಗೆ ಕೊಟ್ಟು ಮಾಡಿಸುವವರೂ ಒಮ್ಮೆ ಓದಿಕೊಳ್ಳಿ. ಮೇಸ್ತ್ರಿ ಹತ್ತಿರ ಏನು ಕೇಳಬೇಕು ಅನ್ನೋದು ಗೊತ್ತಿರುತ್ತದೆ.

ಕೆಲಸಕ್ಕೆ ಒಳ್ಳೇ ಕಾಲ ಅಂದರೆ ಮಾರ್ಚ್‌ನಿಂದ ಮೇ. ಕಾಫಿ ಕುಯಿಲು ಮುಗಿದಿರುತ್ತದೆ, ಗಾಡಿ ನಾಲ್ಕು ದಿನ ನಿಂತರೂ ನಡೆಯುತ್ತದೆ, ನೆಲವೂ ಒಣಗಿರುತ್ತದೆ. ಜೂನ್ ತಿಂಗಳಲ್ಲಿ ಜೀಪಿನ ಅಡಿ ಮಲಗಿ ಜಿಗಣೆ ಹತ್ತಿಸಿಕೊಳ್ಳುತ್ತಾ ಈ ಕೆಲಸ ಮಾಡುವ ಆಸೆ ಯಾರಿಗೂ ಬೇಡ.

ನಿಜವಾಗಿ ಬೇಕಾ?

ಇದನ್ನು ಮೊದಲು ನೋಡಿ. ಪೆಡಲ್ ಗಟ್ಟಿ ಆಗಿದೆ, ಗೇರ್ ಕರಕರ ಅನ್ನುತ್ತದೆ ಅಂದ ತಕ್ಷಣ ಹೈಡ್ರಾಲಿಕ್ ಮಾಡಬೇಕಿಲ್ಲ. ಗಾಡಿ ಅಡಿ ಹೋಗಿ ಅಡ್ಡ ಶಾಫ್ಟ್ ಹಿಡಿದು ಅಲ್ಲಾಡಿಸಿ. ಬುಷ್ ಸವೆದಿದ್ದರೆ ಶಾಫ್ಟ್ ಮೇಲೆ ಕೆಳಗೆ ಕುಣಿಯುತ್ತದೆ. ರಾಡಿನ ತೂತುಗಳು ಉದ್ದಕ್ಕೆ ಸವೆದು ಮೊಟ್ಟೆ ಆಕಾರಕ್ಕೆ ಬಂದಿರುತ್ತವೆ. ಪೆಡಲ್ ಒತ್ತಿದ್ದರಲ್ಲಿ ಅರ್ಧ ಈ ಸಡಿಲದಲ್ಲೇ ಕಳೆದುಹೋಗುತ್ತದೆ. ಲೇತ್‌ನಲ್ಲಿ ಹೊಸ ಬುಷ್ ಮಾಡಿಸಿ, ಹೊಸ ಪಿನ್ ಹಾಕಿದರೆ ಹಳೇ ವ್ಯವಸ್ಥೆಯೇ ಇನ್ನೂ ಎಷ್ಟೋ ವರ್ಷ ಬರುತ್ತದೆ. ಇಂಜಿನ್ ಬದಲಾಗದ, ಎಲ್ಲಾ ಮೂಲದಲ್ಲಿ ಇದ್ದ ಹಾಗೇ ಇರುವ ಗಾಡಿಗೆ ನಾನು ಹೇಳುವುದು ಅಷ್ಟೇ: ಬುಷ್ ಹಾಕಿಸಿ, ಗ್ರೀಸ್ ಹೊಡೆಯಿರಿ, ಓಡಿಸಿ.

ಹೈಡ್ರಾಲಿಕ್ ಬೇಕಾಗುವುದು ಮುಖ್ಯವಾಗಿ ಎರಡು ಸಂದರ್ಭದಲ್ಲಿ. ಒಂದು, ಇಂಜಿನ್ ಅಥವಾ ಗೇರ್ ಬಾಕ್ಸ್ ಬದಲಾಗಿ ಹಳೇ ರಾಡು ಹೊಸ ಫೋರ್ಕಿಗೆ ನೇರ ಸಿಗದೆ, ಯಾರೋ ಬಗ್ಗಿಸಿ ವೆಲ್ಡ್ ಮಾಡಿ ಹೊಂದಿಸಿದ್ದಾರೆ. ಎರಡು, ಏರಿನಲ್ಲಿ ಭಾರ ಹೊತ್ತು ಗಾಡಿ ಎತ್ತುವಾಗ ಮೈಯೆಲ್ಲ ನಡುಗುತ್ತದೆ. ಎರಡನೆಯದಕ್ಕೆ ಕಾರಣ ಗಮನಿಸಬೇಕಾದ್ದು. ಅಡ್ಡ ಶಾಫ್ಟಿನ ಒಂದು ತುದಿ ಚಾಸಿ ಮೇಲೆ, ಇನ್ನೊಂದು ತುದಿ ಇಂಜಿನ್ ಕಡೆ ಇರುತ್ತದೆ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಕ್ಲಚ್ ಬಿಡುವಾಗ ಇಂಜಿನ್ ಒಂದು ಪಕ್ಕಕ್ಕೆ ವಾಲುತ್ತದೆ. ವಾಲಿದಾಗ ರಾಡನ್ನು ತಾನೇ ಎಳೆಯುತ್ತದೆ ಅಥವಾ ಬಿಡುತ್ತದೆ. ನಿಮ್ಮ ಕಾಲು ಅಲ್ಲೇ ಇದ್ದರೂ ಕ್ಲಚ್ ಹಿಡಿದು ಬಿಟ್ಟು ಮಾಡುತ್ತದೆ, ಗಾಡಿ ಗಡಗಡ ಅನ್ನುತ್ತದೆ. ಹೈಡ್ರಾಲಿಕ್‌ನಲ್ಲಿ ಮಧ್ಯೆ ಇರುವುದು ಬರೀ ರಬ್ಬರ್ ಹೋಸು. ಇಂಜಿನ್ ಎಷ್ಟು ಅಲ್ಲಾಡಿದರೂ ಅದು ಫೋರ್ಕಿಗೆ ಗೊತ್ತಾಗುವುದಿಲ್ಲ.

ನಡುಕಕ್ಕೆ ಪ್ಲೇಟಿಗೆ ಎಣ್ಣೆ ತಾಗಿರುವುದು, ಮೌಂಟಿಂಗ್ ಹರಿದಿರುವುದು ಸಹ ಕಾರಣ ಇರಬಹುದು. ಅದನ್ನು ಮೊದಲು ನೋಡಿಕೊಳ್ಳಿ. ಹರಿದ ಮೌಂಟಿಂಗ್ ಹಾಗೇ ಬಿಟ್ಟು ಹೈಡ್ರಾಲಿಕ್ ಹಾಕಿದರೆ ದುಡ್ಡು ದಂಡ.

ಇನ್ನೊಂದು ಮಾತು. ಹೈಡ್ರಾಲಿಕ್ ಅಂದರೆ ಪೆಡಲ್ ತನ್ನಷ್ಟಕ್ಕೆ ಹಗುರ ಆಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಅದೇ, ಅದನ್ನು ಒತ್ತಲು ಬೇಕಾದ ಶಕ್ತಿಯೂ ಅಷ್ಟೇ. ಹಗುರ ಮಾಡಿದಷ್ಟೂ ಪೆಡಲ್ ಜಾಸ್ತಿ ದೂರ ಹೋಗಬೇಕು. ಸಡಿಲದಲ್ಲಿ, ತುಕ್ಕಿನಲ್ಲಿ ಹಾಳಾಗುತ್ತಿದ್ದ ಶಕ್ತಿ ಮಾತ್ರ ಉಳಿಯುತ್ತದೆ.

ಅಳತೆ

ಅಂಗಡಿಗೆ ಹೋಗಿ ಮಾಸ್ಟರ್ ಸಿಲಿಂಡರ್ (ಪೆಡಲ್ ಕಡೆ ಎಣ್ಣೆ ತಳ್ಳುವುದು), ಸ್ಲೇವ್ ಸಿಲಿಂಡರ್ (ಆ ಎಣ್ಣೆಯಿಂದ ಫೋರ್ಕ್ ತಳ್ಳುವುದು) ತಂದು, ಆಮೇಲೆ ಗಾಡಿಗೆ ಹೊಂದಿಸುವವರೇ ಜಾಸ್ತಿ. ಇದು ತಲೆಕೆಳಗಾದ ಕೆಲಸ. ಗಾಡಿಯಲ್ಲಿ ಫೋರ್ಕ್ ಎಷ್ಟು ಮಿಲಿಮೀಟರ್ ಸರಿಯಬೇಕು ಅನ್ನೋದು ಮೊದಲು ಗೊತ್ತಾಗಬೇಕು. ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಟ್ಟೆ (ಉರುಳದಂತೆ ಕಲ್ಲು ಅಥವಾ ಮರದ ತುಂಡು) ಕೊಡಿ. ಹಿಂದಿನ ಒಂದು ಚಕ್ರ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ಮೇಲೆ ಬಿಡಬೇಡಿ. ಮಣ್ಣಿನ ನೆಲ ಆದರೆ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಬೇಕೇ ಬೇಕು. ಇಲ್ಲೊಂದು ಎಚ್ಚರ ಇದೆ. ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಿ ಅಲ್ಲ, ಟ್ರಾನ್ಸ್‌ಫರ್ ಕೇಸಿನ (ಟೂ ವೀಲ್, ಫೋರ್ ವೀಲ್ ಬದಲಿಸುವ ಪೆಟ್ಟಿಗೆ) ಹಿಂದೆ, ಪ್ರೊಪೆಲ್ಲರ್ ಶಾಫ್ಟ್ ಮೇಲೆ. ಹಿಂದಿನ ಒಂದು ಚಕ್ರ ಗಾಳಿಯಲ್ಲಿದ್ದರೆ ಡಿಫರೆನ್ಷಿಯಲ್‌ನಿಂದಾಗಿ ಆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಗಾಡಿಯನ್ನು ಹಿಡಿದಿರುವುದು ನೀವು ಕೊಟ್ಟ ಕಟ್ಟೆ ಮಾತ್ರ.

ಇಂಜಿನ್ ಆಫ್ ಇರಲಿ, ಹ್ಯಾಂಡ್ ಬ್ರೇಕ್ ಬಿಟ್ಟಿರಲಿ, ಟ್ರಾನ್ಸ್‌ಫರ್ ಕೇಸ್ ಟೂ ವೀಲ್ ಹೈನಲ್ಲಿ ಇರಲಿ, ಗೇರ್ ಟಾಪ್‌ನಲ್ಲಿ ಹಾಕಿ. ಫೋರ್ಕಿನಿಂದ ಹಳೇ ರಾಡು ಕಳಚಿ. ಫೋರ್ಕಿನ ಹೊರ ತುದಿಯನ್ನು ಕೈಯಲ್ಲಿ ಹಿಡಿದು ಆಡಿಸಿದರೆ ಒಂದಷ್ಟು ದೂರ ಸಲೀಸಾಗಿ ಹೋಗಿ ತಡೆಯುತ್ತದೆ. ಅಲ್ಲಿಗೆ ಫೋರ್ಕ್ ತಳ್ಳುವ ರಿಲೀಸ್ ಬೇರಿಂಗ್ ಪ್ರೆಶರ್ ಪ್ಲೇಟಿನ ಬೆರಳುಗಳಿಗೆ ತಾಗಿತು ಅಂತ ಅರ್ಥ. ಬೆಲ್ ಹೌಸಿಂಗ್ (ಕ್ಲಚ್ಚಿನ ಹೊರಕವಚ) ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಇನ್ನು ಉದ್ದನೆ ಸರಳು ಕೊಟ್ಟು ಫೋರ್ಕನ್ನು ನಿಧಾನ ಒತ್ತಿ. ಜೊತೆಗಿದ್ದವರು ಎತ್ತಿದ ಚಕ್ರವನ್ನು ತಿರುಗಿಸಲು ನೋಡುತ್ತಿರಲಿ. ಮೊದಲು ಇಂಜಿನ್ ತಡೆಯುತ್ತದೆ, ಚಕ್ರ ತಿರುಗುವುದಿಲ್ಲ. ಒಂದು ಹಂತದಲ್ಲಿ ಸಲೀಸಾಗಿ ತಿರುಗಲು ಶುರುವಾಗುತ್ತದೆ. ಅದೇ ಕ್ಲಚ್ ಬಿಟ್ಟ ಜಾಗ. ಅಲ್ಲೂ ಒಂದು ಗುರುತು.

ಉದಾಹರಣೆಗೆ, ತಾಗುವವರೆಗೆ 3 ಮಿ.ಮೀ., ತಾಗಿದ ಮೇಲೆ ಬಿಡುವವರೆಗೆ 11 ಮಿ.ಮೀ. ಅಂತ ಇಟ್ಟುಕೊಳ್ಳಿ. ಪೂರ್ತಿ ಬಿಟ್ಟಿತು ಅನ್ನೋದಕ್ಕೆ ಇನ್ನೊಂದು 2 ಸೇರಿಸಿ. ಒಟ್ಟು 16 ಮಿ.ಮೀ. ಫೋರ್ಕಿನ ತುದಿ ಇಷ್ಟು ಸರಿಯಬೇಕು. ನಿಮ್ಮ ಗಾಡಿಯಲ್ಲಿ ಬೇರೆ ಲೆಕ್ಕ ಬರುತ್ತದೆ. ಇನ್ನೊಬ್ಬರ ಗಾಡಿಯ ಲೆಕ್ಕ ತರಬೇಡಿ.

ಇದೇ ಹೊತ್ತಿನಲ್ಲಿ ಇನ್ನೊಂದನ್ನೂ ಬರೆದಿಟ್ಟುಕೊಳ್ಳಿ: ಕ್ಲಚ್ ಬಿಡಲು ಫೋರ್ಕಿನ ತುದಿ ಇಂಜಿನ್ ಕಡೆ ಹೋಯಿತೋ, ಹಿಂದಕ್ಕೆ ಹೋಯಿತೋ? ಬೇರಿಂಗ್ ಯಾವಾಗಲೂ ಇಂಜಿನ್ ಕಡೆಗೇ ಹೋಗುತ್ತದೆ. ಫೋರ್ಕಿನ ಪಿವಟ್ (ತಿರುಗುವ ಕೀಲು) ಬೇರಿಂಗಿಗೂ ಹೊರ ತುದಿಗೂ ಮಧ್ಯೆ ಇದ್ದರೆ ಹೊರ ತುದಿ ಹಿಂದಕ್ಕೆ ಬರುತ್ತದೆ. ಪಿವಟ್ ಆ ಕಡೆಯ ಕೊನೆಯಲ್ಲಿದ್ದರೆ ಬೇರಿಂಗ್ ಜೊತೆ ಹೊರ ತುದಿಯೂ ಮುಂದಕ್ಕೇ ಹೋಗುತ್ತದೆ. ಸಾಮಾನ್ಯ ಸ್ಲೇವ್ ಸಿಲಿಂಡರ್‌ಗಳು ತಳ್ಳುತ್ತವೆ, ಎಳೆಯುವುದಿಲ್ಲ. ಹಳೇ ಕೇಬಲ್ ಎಳೆಯುತ್ತಿದ್ದ ಜಾಗದಲ್ಲೇ ಸ್ಲೇವ್ ಕೂರಿಸಿದರೆ ಅದು ಉಲ್ಟಾ ತಳ್ಳುತ್ತದೆ. ಸ್ಲೇವ್ ಫೋರ್ಕಿನ ಎದುರು ಬದಿಗೆ ಬರಬೇಕು.

ಪೆಡಲ್ ಲೆಕ್ಕ ಸುಲಭ. ಪಿವಟ್‌ನಿಂದ ಕಾಲಿಡುವ ಜಾಗಕ್ಕೆ ಎಷ್ಟು ಉದ್ದ, ಪಿವಟ್‌ನಿಂದ ಮಾಸ್ಟರನ್ನು ಒತ್ತುವ ಪುಶ್ ರಾಡ್ ಕೂರುವ ತೂತಿಗೆ ಎಷ್ಟು ಉದ್ದ, ಎರಡನ್ನೂ ಅಳೆದು ಭಾಗಿಸಿ. 300 ಮಿ.ಮೀ. ಮತ್ತು 50 ಮಿ.ಮೀ. ಆದರೆ ಅನುಪಾತ 6. ಕ್ಲಚ್ ಪೆಡಲ್ಲಿಗೆ 5ರಿಂದ 7ರ ಒಳಗೆ ಇದ್ದರೆ ಚೆನ್ನ. ಪೆಡಲ್ 150 ಮಿ.ಮೀ. ಹೋದರೆ ಮಾಸ್ಟರ್ ಒಳಗಿನ ಪಿಸ್ಟನ್ 25 ಮಿ.ಮೀ. ಹೋಗುತ್ತದೆ.

ಈಗ ಸಿಲಿಂಡರ್ ಆಯ್ಕೆ. ಬೋರ್ (ಒಳವ್ಯಾಸ) ಅಳತೆ ಸಾಮಾನ್ಯವಾಗಿ ಸಿಲಿಂಡರ್ ಮೈಮೇಲೆ ಎರಕದಲ್ಲೇ ಇರುತ್ತದೆ, ಇಲ್ಲದಿದ್ದರೆ ವರ್ನಿಯರ್ ಹಿಡಿದು ನೋಡಿ. ಮುಕ್ಕಾಲು ಇಂಚು ಬೋರ್ ಅಂದರೆ 19.05 ಮಿ.ಮೀ., ಅದರ ವಿಸ್ತೀರ್ಣ 285 ಚದರ ಮಿ.ಮೀ. 5/8 ಇಂಚಿನದು 198. 7/8 ಇಂಚಿನದು 388. ಒಂದು ಇಂಚಿನದು 507. ಮಾಸ್ಟರ್ ಪಿಸ್ಟನ್ ಹೋದ ದೂರವನ್ನು ಮಾಸ್ಟರ್ ವಿಸ್ತೀರ್ಣದಿಂದ ಗುಣಿಸಿ, ಸ್ಲೇವ್ ವಿಸ್ತೀರ್ಣದಿಂದ ಭಾಗಿಸಿದರೆ ಸ್ಲೇವ್ ಎಷ್ಟು ಹೋಗುತ್ತದೆ ಅನ್ನೋದು ಬರುತ್ತದೆ.

ನಮ್ಮ ಉದಾಹರಣೆಗೆ ಬೇಕಾಗಿರುವುದು 16 ಮಿ.ಮೀ. ಮುಕ್ಕಾಲು ಇಂಚಿನ ಮಾಸ್ಟರಿಗೆ ಒಂದು ಇಂಚಿನ ಸ್ಲೇವ್ ಹಾಕಿದರೆ ಸಿಗುವುದು 14 ಮಾತ್ರ. ಪೆಡಲ್ ಹಗುರ, ಆದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. 7/8ರ ಸ್ಲೇವ್ ಹಾಕಿದರೆ 18.4 ಸಿಗುತ್ತದೆ. ಹೋಸು ಉಬ್ಬುವುದು, ಬ್ರಾಕೆಟ್ ಸ್ವಲ್ಪ ಬಾಗುವುದು ಅಂತ ಒಂದೆರಡು ಮಿ.ಮೀ. ಕಳೆದರೂ ಸಾಕು. ಇದೇ ಸರಿಯಾದ ಜೋಡಿ. ಎರಡೂ ಮುಕ್ಕಾಲೇ ಹಾಕಿದರೆ 25 ಮಿ.ಮೀ. ಹೋಗುತ್ತದೆ. ಅಷ್ಟು ಬೇಡ, ಪೆಡಲ್ಲೂ ಗಟ್ಟಿ.

ಗಟ್ಟಿ ಎಷ್ಟು ಅಂತ ನೋಡುವುದಾದರೆ, ಫೋರ್ಕಿನ ತುದಿ ಒತ್ತಲು 60 ಕೆ.ಜಿ. ಬಲ ಬೇಕು ಅಂತ ಇಟ್ಟುಕೊಳ್ಳಿ. ಮುಕ್ಕಾಲು ಮತ್ತು 7/8ರ ಜೋಡಿಯಲ್ಲಿ ಕಾಲಿಗೆ ಬರುವುದು ಏಳೂ ಚಿಲ್ಲರೆ ಕೆ.ಜಿ. ಎರಡೂ ಮುಕ್ಕಾಲಾದರೆ 10 ಕೆ.ಜಿ. ದಿನವಿಡೀ ತೋಟದ ದಾರಿಯಲ್ಲಿ ಒಂದನೇ ಎರಡನೇ ಗೇರಿನಲ್ಲಿ ಓಡಿಸುವವರ ಮಂಡಿಗೆ ಈ ವ್ಯತ್ಯಾಸ ಸಂಜೆ ಹೊತ್ತಿಗೆ ಗೊತ್ತಾಗುತ್ತದೆ.

ಮಾಸ್ಟರ್ ಪಿಸ್ಟನ್ ಒಳಗೆ ಅಷ್ಟು ದೂರ ಹೋಗಲು ಜಾಗ ಇದೆಯಾ, ಸ್ಲೇವ್‌ನದ್ದೂ ಅಷ್ಟು ಹೊರಗೆ ಬರುತ್ತದಾ ಅಂತ ಅಂಗಡಿಯಲ್ಲೇ ಒತ್ತಿ ನೋಡಿ.

ಸಾಮಾನು

ಬೊಲೆರೊ, ಸುಮೋ ಇಂಥ ಗಾಡಿಗಳಲ್ಲಿ ಕಂಪನಿಯಿಂದಲೇ ಹೈಡ್ರಾಲಿಕ್ ಕ್ಲಚ್ ಬರುತ್ತದೆ. ಅವುಗಳ ಸಾಮಾನು ಎಲ್ಲಾ ಕಡೆ ಸಿಗುತ್ತದೆ. ನಮಗೆ ಅದೇ ಮುಖ್ಯ. ವಿಶೇಷವಾದದ್ದು ತರಿಸಿಕೊಂಡು, ನಾಳೆ ಸೀಲ್ ಹೋದಾಗ ಮೈಸೂರಿಗೋ ಬೆಂಗಳೂರಿಗೋ ಫೋನ್ ಮಾಡುತ್ತಾ ಕೂರುವ ಪಾಡು ಯಾಕೆ? ವಿರಾಜಪೇಟೆಯ ಅಂಗಡಿಯಲ್ಲಿ ರಿಪೇರಿ ಕಿಟ್ ಸಿಗುವಂಥದ್ದನ್ನೇ ಹಾಕಿ. ಗುಜರಿಯಿಂದ ಬ್ರಾಕೆಟ್, ರಿಸರ್ವಾಯರ್ ಡಬ್ಬಿ ತಂದರೆ ಪರವಾಗಿಲ್ಲ. ಸಿಲಿಂಡರ್‌ಗಳು ಮಾತ್ರ ಹೊಸದೇ ಇರಲಿ. ಹಳೇದರ ಒಳಗೆ ತುಕ್ಕಿನ ಚುಕ್ಕೆ ಇದ್ದರೆ ಹೊಸ ಸೀಲ್ ಹಾಕಿದರೂ ಬೇಗ ಕೊಯ್ದು ಹೋಗುತ್ತದೆ.

ಇನ್ನು 4.75 ಮಿ.ಮೀ. ಬ್ರೇಕ್ ಪೈಪು, ಒಂದು ಹೋಸು, ತಾಮ್ರದ ವಾಷರ್‌ಗಳು, ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ ಬೇಕು. ಗೇರ್ ಬಾಕ್ಸ್ ಹೇಗೂ ಇಳಿಸುವುದಾದರೆ ರಿಲೀಸ್ ಬೇರಿಂಗೂ ಹೊಸದು ಹಾಕಿಬಿಡಿ.

ಸ್ಲೇವ್ ಕೂರಿಸುವುದು

ಇಡೀ ಕೆಲಸದಲ್ಲಿ ಕೆಡುವುದು ಜಾಸ್ತಿ ಇಲ್ಲೇ. ಸ್ಲೇವ್ ಸಿಲಿಂಡರಿನ ಬ್ರಾಕೆಟ್ ಬೆಲ್ ಹೌಸಿಂಗಿಗೆ ಅಥವಾ ಗೇರ್ ಬಾಕ್ಸಿಗೆ ಬೋಲ್ಟ್ ಆಗಬೇಕು. ಚಾಸಿಗೆ ಹಾಕಬಾರದು. ಚಾಸಿ ಮೇಲೆ ಜಾಗ ಧಾರಾಳ ಇರುತ್ತದೆ, ತೂತು ಕೊರೆಯಲೂ ಸುಲಭ, ಹಾಗಾಗಿ ಎಷ್ಟೋ ಮೇಸ್ತ್ರಿಗಳು ಅಲ್ಲೇ ಹಾಕಿಬಿಡುತ್ತಾರೆ. ಆಗ ಇಂಜಿನ್ ವಾಲಿದರೆ ಸ್ಲೇವಿಗೂ ಫೋರ್ಕಿಗೂ ನಡುವಿನ ದೂರ ಮತ್ತೆ ಬದಲಾಗುತ್ತದೆ. ಯಾವ ನಡುಕಕ್ಕೆ ಹೆದರಿ ಹೈಡ್ರಾಲಿಕ್‌ಗೆ ಬಂದಿರೋ ಅದೇ ನಡುಕ ವಾಪಸ್. ಗ್ಯಾರೇಜಿಗೆ ಕೊಡುವವರು ಬೇರೆ ಏನು ಕೇಳದಿದ್ದರೂ ಇದೊಂದನ್ನು ಕೇಳಿ: "ಅಣ್ಣ, ಸ್ಲೇವ್ ಎಲ್ಲಿಗೆ ಬೋಲ್ಟ್ ಮಾಡ್ತೀರಾ?"

ಬೆಲ್ ಹೌಸಿಂಗಿಗೆ ಈಗಾಗಲೇ ಇರುವ ಎರಡು ಬೋಲ್ಟ್ ಆರಿಸಿಕೊಳ್ಳಿ. ಬ್ರಾಕೆಟ್ ದಪ್ಪದಷ್ಟು ಉದ್ದ ಜಾಸ್ತಿ ಇರುವ, ಅದೇ ಗ್ರೇಡಿನ ಬೋಲ್ಟ್ ಹಾಕಿ. ಬ್ರಾಕೆಟ್ 6 ಮಿ.ಮೀ. ದಪ್ಪದ ಪ್ಲೇಟಿನದ್ದಿರಲಿ, ಮೂಲೆಗೆ ತ್ರಿಕೋನದ ಆಸರೆ ತುಂಡು ವೆಲ್ಡ್ ಮಾಡಿಸಿ. ಮೊದಲು ರಟ್ಟಿನಲ್ಲಿ ಕತ್ತರಿಸಿ, ಗಾಡಿಗೆ ಹಿಡಿದು ನೋಡಿ, ಅದೇ ಅಚ್ಚನ್ನು ವೆಲ್ಡಿಂಗ್‌ನವರಿಗೆ ಕೊಟ್ಟರೆ ಕೆಲಸ ಸಲೀಸು. ಫೋರ್ಕಿನ ತುದಿ ಕಮಾನಿನಂತೆ ತಿರುಗುತ್ತದೆ, ಸ್ಲೇವ್ ನೇರ ತಳ್ಳುತ್ತದೆ. ಹಾಗಾಗಿ ಅರ್ಧ ದೂರ ಹೋದಾಗ ಪುಶ್ ರಾಡ್ ಫೋರ್ಕಿಗೆ ಲಂಬವಾಗಿ ಇರುವಂತೆ ಕೂರಿಸಬೇಕು. ಶುರುವಿನಲ್ಲಿ ಸ್ವಲ್ಪ ಆ ಕಡೆ, ಕೊನೆಯಲ್ಲಿ ಸ್ವಲ್ಪ ಈ ಕಡೆ ಓರೆ ಆದರೆ ತೊಂದರೆ ಇಲ್ಲ. ಒಂದೇ ಕಡೆ ಓರೆ ಒತ್ತಿದರೆ ಪಿಸ್ಟನ್ ಒಂದು ಬದಿ ಸವೆದು ಸೋರಲು ಶುರುವಾಗುತ್ತದೆ.

ಏರ್ ತೆಗೆಯುವ ನಿಪ್ಪಲ್ ಎಲ್ಲದಕ್ಕಿಂತ ಮೇಲೆ ಇರಬೇಕು. ಜಾಗ ಸಾಲದೆ ಸ್ಲೇವ್ ತಿರುಗಿಸಿ ಹಾಕಿ, ನಿಪ್ಪಲ್ ಕೆಳಗೆ ಬಂದರೆ ಗಾಳಿ ಒಳಗೇ ಮೇಲೆ ಕೂರುತ್ತದೆ, ಎಷ್ಟು ಒತ್ತಿದರೂ ಬರುವುದಿಲ್ಲ. ಸೈಲೆನ್ಸರ್ ಪೈಪಿನಿಂದ ದೂರ ಇಡಿ. ಹತ್ತಿರವೇ ಆಗಬೇಕಾದರೆ ಮಧ್ಯೆ ಒಂದು ತಗಡು ಅಡ್ಡ ಕೊಡಿ.

ವೆಲ್ಡಿಂಗ್ ಅನ್ನೆಲ್ಲ ಬ್ರಾಕೆಟ್ ಬಿಚ್ಚಿ ಹೊರಗೆ ಒಯ್ದು ಮಾಡಿಸಿ. ಹಲವು ಹಳೇ ಜೀಪುಗಳಲ್ಲಿ ಇಂಧನದ ಟ್ಯಾಂಕ್ ಸೀಟಿನ ಕೆಳಗೇ ಇರುತ್ತದೆ. ನೆಲದ ತಗಡಿನ ಹತ್ತಿರ ಕಿಡಿ ಹಾರಿಸುವ ಧೈರ್ಯ ಮಾಡಬೇಡಿ. ಚಾಸಿ ಮೇಲೆ ವೆಲ್ಡ್ ಮಾಡಲೇಬೇಕು ಅಂದರೆ ಟ್ಯಾಂಕ್ ಇಳಿಸಿ, ಬ್ಯಾಟರಿ ವೈರ್ ಬಿಚ್ಚಿ, ಆಲ್ಟರ್ನೇಟರ್ ಕನೆಕ್ಷನ್ ತೆಗೆದು ಮಾಡಿಸಿ.

ಮಾಸ್ಟರ್ ಮತ್ತು ಪೆಡಲ್

ಹಳೇ ಜೀಪಿನ ಪೆಡಲ್ ನೆಲ ತೂರಿ ಮೇಲೆ ಬರುತ್ತದೆ, ಪಿವಟ್ ನೆಲದ ಕೆಳಗಿರುತ್ತದೆ. ಇಲ್ಲಿ ಎರಡು ದಾರಿ ಇದೆ. ಒಂದು, ಇದ್ದ ಪೆಡಲ್ ಇಟ್ಟುಕೊಂಡು, ಮಾಸ್ಟರನ್ನು ಕೆಳಗೆ ಚಾಸಿ ಪಕ್ಕ ಕೂರಿಸುವುದು. ಇನ್ನೊಂದು, ಬೇರೆ ಗಾಡಿಯ ತೂಗುವ ಪೆಡಲ್ ತಂದು, ಮಾಸ್ಟರನ್ನು ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿಗೆ ಹಾಕುವುದು. ತೂಗುವ ಪೆಡಲ್ ನೋಡಲು ಚೆಂದ, ಕೆಸರೂ ತಾಗುವುದಿಲ್ಲ. ಆದರೆ ಆ ತಗಡು ತೆಳು. ಒತ್ತಿದಾಗೆಲ್ಲ ಬಾಗುತ್ತದೆ, ಕೆಲವು ತಿಂಗಳಲ್ಲಿ ಬಿರುಕು ಬಿಡುತ್ತದೆ. ಎರಡೂ ಕಡೆ 4-5 ಮಿ.ಮೀ. ಪ್ಲೇಟ್ ಇಟ್ಟು ಸ್ಯಾಂಡ್‌ವಿಚ್ ಮಾಡಿ ಬಿಗಿಯಬೇಕು, ಡ್ಯಾಶ್‌ಬೋರ್ಡಿಗೆ ಒಂದು ಆಸರೆಯೂ ಬೇಕು. ಹಳೇ ಗಾಡಿ ಹಾಗೇ ಕಾಣಬೇಕು ಅನ್ನುವವರಿಗೆ ಮೊದಲನೇ ದಾರಿಯೇ ಸರಿ. ನನಗೂ ಅದೇ ಇಷ್ಟ.

ಕೆಳಗೆ ಕೂರಿಸುವಾಗ ದಿಕ್ಕು ನೋಡಿ. ಕಾಲಲ್ಲಿ ಪೆಡಲ್ ಮುಂದಕ್ಕೆ ಒತ್ತಿದಾಗ ಪಿವಟ್‌ಗಿಂತ ಮೇಲಿನ ಭಾಗ ಮುಂದಕ್ಕೆ ಹೋಗುತ್ತದೆ, ಪಿವಟ್ ಕೆಳಗೆ ಇಳಿಬಿಟ್ಟ ತೋಳು ಹಿಂದಕ್ಕೆ ಬರುತ್ತದೆ. ತೋಳು ಎಲ್ಲಿ ಹಾಕುತ್ತೀರೋ ಅದರ ಮೇಲೆ ಮಾಸ್ಟರ್ ಮುಂದೆ ಇರಬೇಕೋ ಹಿಂದೆಯೋ ಅನ್ನೋದು ತೀರ್ಮಾನ ಆಗುತ್ತದೆ. ಚಾಸಿ ಬದಿಗೆ ಬೋಲ್ಟ್ ಹಾಕಿ, ಚಾಸಿಯ ಮೇಲಿನ ಕೆಳಗಿನ ಅಂಚಿಗೆ ತೂತು ಕೊರೆಯಬೇಡಿ. ಭಾರ ಹೊರುವುದು ಆ ಅಂಚುಗಳೇ.

ಎಣ್ಣೆ ಡಬ್ಬಿಯನ್ನು ಮಾಸ್ಟರ್ ಮೇಲೆ ಇಟ್ಟರೆ ನೆಲದ ಕೆಳಗೆ ಕೆಸರಲ್ಲಿ ಮುಚ್ಚಳ ತೆಗೆಯಬೇಕಾಗುತ್ತದೆ. ಬದಲಿಗೆ ಬಾನೆಟ್ ಒಳಗೆ ಎತ್ತರದಲ್ಲಿ ಡಬ್ಬಿ ಇಟ್ಟು, ಬ್ರೇಕ್ ಆಯಿಲ್ ತಡೆಯುವ ರಬ್ಬರ್ ಟ್ಯೂಬ್ ಎಳೆಯಿರಿ. ಪೆಟ್ರೋಲ್ ಪೈಪ್ ನಡೆಯುವುದಿಲ್ಲ, ಮೆತ್ತಗಾಗಿ ಹಾಳಾಗುತ್ತದೆ. ಪೆಡಲ್ ವಾಪಸ್ ಎಳೆಯುವ ಸ್ಪ್ರಿಂಗ್ ಇರಲೇಬೇಕು. ಒತ್ತಿದ ಕೊನೆಯಲ್ಲಿ ಪೆಡಲ್ ತಡೆಯಲು ಒಂದು ಬೋಲ್ಟನ್ನೂ ಹಾಕಿ. ರಾಡಿನ ಕ್ಲಚ್ಚಿನಲ್ಲಿ ಜಾಸ್ತಿ ಒತ್ತಿದರೆ ತಾನೇ ತಡೆಯುತ್ತಿತ್ತು. ಹೈಡ್ರಾಲಿಕ್‌ನಲ್ಲಿ ಸ್ಲೇವ್ ಪಿಸ್ಟನ್ ಹೊರಗೆ ಹಾರಬಹುದು, ಇಲ್ಲವೇ ಪ್ರೆಶರ್ ಪ್ಲೇಟಿನ ಬೆರಳುಗಳು ಬೇಕಾದ್ದಕ್ಕಿಂತ ಜಾಸ್ತಿ ಬಾಗಬಹುದು.

ಪೈಪು

ಚಾಸಿ ಉದ್ದಕ್ಕೂ ಲೋಹದ ಪೈಪು, ಕೊನೆಗೆ ಸ್ಲೇವಿಗೆ ಹೋಗುವಲ್ಲಿ ಹೋಸು. ಪೈಪಿನ ತುದಿ ಡಬಲ್ ಫ್ಲೇರ್ ಮಾಡಿಸಿ, ಅಂದರೆ ಅಂಚನ್ನು ಅಗಲಿಸಿ ಎರಡು ಪದರ ಮಡಿಸಿ. ಇಂಚಿನ ಥ್ರೆಡ್ಡಿನ ಹಳೇ ಯೂನಿಯನ್ನಿಗೂ (ಪೈಪು ಬಿಗಿಯುವ ನಟ್ಟು) 10 ಮಿ.ಮೀ. ಮೆಟ್ರಿಕ್ ಯೂನಿಯನ್ನಿಗೂ ಫ್ಲೇರ್ ಆಕಾರ ಬೇರೆ. ಎರಡು ಮೂರು ಸುತ್ತು ಹೋಯಿತು ಅಂತ ಒತ್ತಾಯದಿಂದ ಬಿಗಿದರೆ ಸಿಲಿಂಡರಿನ ಥ್ರೆಡ್ ಹೋಗುತ್ತದೆ. ಯೂನಿಯನ್ ಬೆರಳಲ್ಲೇ ಪೂರ್ತಿ ಒಳಗೆ ಹೋಗಬೇಕು, ಸ್ಪ್ಯಾನರ್ ಕೊನೆಯ ಬಿಗಿಗೆ ಮಾತ್ರ.

ಪೈಪು ಮಧ್ಯೆ ಎಲ್ಲೂ ಮೇಲೆ ಎದ್ದು ಮತ್ತೆ ಇಳಿಯಬಾರದು. ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಒಂದೇ ಸಮ ಏರುತ್ತಾ ಹೋಗಲಿ ಅಥವಾ ಇಳಿಯುತ್ತಾ ಹೋಗಲಿ. ರಬ್ಬರ್ ಇಟ್ಟು ಕ್ಲಿಪ್ ಹಾಕಿ. ತೋಟದ ದಾರಿಯಲ್ಲಿ ಕಾಫಿ ಗಿಡದ ಬುಡ್ಡೆಗೆ ತಾಗುವ ಹಾಗೆ ಕೆಳಗೆ ಜೋತುಬೀಳಬಾರದು.

ಏರ್ ತೆಗೆಯುವುದು

ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿ ಸ್ವಲ್ಪ ಎಣ್ಣೆ ಇರುವ ಬಾಟಲಿಯಲ್ಲಿ ಮುಳುಗಿರಲಿ. ಡಬ್ಬಿ ತುಂಬಿ, ನಿಪ್ಪಲ್ ಅರ್ಧ ಸುತ್ತು ಸಡಿಲಿಸಿ, ಸುಮ್ನೆ ಬಿಡಿ. ಎಣ್ಣೆ ತಾನಾಗಿ ಇಳಿದು ಬರಲು ಹತ್ತು ಹದಿನೈದು ನಿಮಿಷ ಬೇಕಾದೀತು. ಅವಸರ ಮಾಡಿ ಪೆಡಲ್ ಪಂಪ್ ಮಾಡಿದರೆ ಗಾಳಿ ನೊರೆಯಾಗಿ ಇನ್ನೂ ಕಷ್ಟ.

ಎಣ್ಣೆ ಹನಿ ಬಂದ ಮೇಲೆ ನಿಪ್ಪಲ್ ಬಿಗಿದು ಇಬ್ಬರ ಕೆಲಸ ಶುರು. ಮೇಲಿದ್ದವರು ಪೆಡಲ್ ನಿಧಾನ ಒತ್ತಿ "ಒತ್ತಿದೆ ಅಣ್ಣ" ಅನ್ನಬೇಕು. ಕೆಳಗಿದ್ದವರು ನಿಪ್ಪಲ್ ಬಿಟ್ಟು, ಗುಳ್ಳೆ ಹೋದ ಮೇಲೆ ಬಿಗಿದು "ಬಿಡು" ಅನ್ನಬೇಕು. ಬಿಗಿಯುವ ಮೊದಲು ಪೆಡಲ್ ಬಿಟ್ಟರೆ ಗಾಳಿ ವಾಪಸ್ ಒಳಗೆ. ಡಬ್ಬಿ ಖಾಲಿ ಆಗಲು ಬಿಡಬೇಡಿ. ಎಷ್ಟು ಮಾಡಿದರೂ ಪೆಡಲ್ ಮೆತ್ತಗೇ ಇದ್ದರೆ ಉಲ್ಟಾ ಮಾಡಿ. ದೊಡ್ಡ ಸಿರಿಂಜಿನಲ್ಲಿ ಎಣ್ಣೆ ತುಂಬಿ ನಿಪ್ಪಲ್ಲಿನಿಂದ ಮೇಲಕ್ಕೆ ತಳ್ಳಿ. ಗಾಳಿ ಹೇಗೂ ಮೇಲಕ್ಕೆ ಹೋಗುವ ಜಾತಿ, ಅದಕ್ಕೆ ಹೋಗುವ ದಾರಿಯಲ್ಲೇ ತಳ್ಳಿದರೆ ಬೇಗ ಬರುತ್ತದೆ. ಮೇಲಿನ ಡಬ್ಬಿ ತುಂಬಿ ಹರಿಯದಂತೆ ಒಬ್ಬರು ನೋಡುತ್ತಿರಲಿ.

ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದು ಬರುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡು, ಬಿದ್ದ ಕೂಡಲೇ ತೊಳೆಯಿರಿ. ಇಂಜಿನ್ ಆಯಿಲ್, ಗೇರ್ ಆಯಿಲ್ ಒಂದು ಹನಿಯೂ ಇದಕ್ಕೆ ಸೇರಬಾರದು. ರಬ್ಬರ್ ಸೀಲುಗಳು ಉಬ್ಬಿ ಕೂತುಬಿಡುತ್ತವೆ. ಆಮೇಲೆ ಮಾಸ್ಟರ್, ಸ್ಲೇವ್, ಹೋಸು ಎಲ್ಲಾ ಬದಲಾಯಿಸಬೇಕು.

ಹೊಂದಿಸುವುದು, ಓಡಿಸಿ ನೋಡುವುದು

ಪೆಡಲ್ ಪೂರ್ತಿ ಬಿಟ್ಟಾಗ ಮಾಸ್ಟರಿನ ಪುಶ್ ರಾಡಿಗೂ ಪಿಸ್ಟನ್ನಿಗೂ ಮಧ್ಯೆ ಅರ್ಧದಿಂದ ಒಂದು ಮಿ.ಮೀ. ಜಾಗ ಇರಬೇಕು. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ವಾಪಸ್ ಬರದೆ, ಡಬ್ಬಿಗೆ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಇಂಜಿನ್ ಕಾದಂತೆ ಎಣ್ಣೆ ಹಿಗ್ಗಿ, ಫೋರ್ಕನ್ನು ತಾನೇ ಒತ್ತಿ, ಏರಿನಲ್ಲಿ ಕ್ಲಚ್ ಜಾರಲು ಶುರುವಾಗುತ್ತದೆ. ಪ್ಲೇಟ್ ಸುಟ್ಟ ವಾಸನೆ ಬಂದ ಮೇಲೆ ಗೊತ್ತಾದರೆ ಏನು ಪ್ರಯೋಜನ? ಇದನ್ನು ಕಣ್ಣಲ್ಲೇ ನೋಡಬಹುದು. ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಹಿಡಿಯಿರಿ. ಒಬ್ಬರು ಪೆಡಲ್ಲನ್ನು ಬಹಳ ನಿಧಾನ ಒತ್ತಲಿ. ಶುರುವಿನಲ್ಲಿ ಎಣ್ಣೆ ಮೇಲ್ಮೈ ಒಮ್ಮೆ ಮಿಡಿದು ಸಣ್ಣ ಸುಳಿ ಎದ್ದರೆ ತೂತು ತೆರೆದಿದೆ ಅಂತ ಅರ್ಥ. ಮಿಡಿಯದಿದ್ದರೆ ಪುಶ್ ರಾಡ್ ಉದ್ದವಾಗಿದೆ, ಗಿಡ್ಡ ಮಾಡಿ. ಡಬ್ಬಿ ದೂರ ಇದ್ದರೆ ಈ ಮಿಡಿತ ಮಂದವಾಗಿ ಕಾಣುತ್ತದೆ, ಸರಿಯಾಗಿ ಗಮನಿಸಬೇಕು.

ಸ್ಲೇವ್ ಕಡೆ, ಹಳೇ ಮಾದರಿಯ ರಿಲೀಸ್ ಬೇರಿಂಗ್ ಇದ್ದರೆ ಫೋರ್ಕಿನ ವಾಪಸ್ ಸ್ಪ್ರಿಂಗ್ ತೆಗೆಯಬೇಡಿ. ಅದು ಯಾವಾಗಲೂ ತಿರುಗುತ್ತಾ ಇರಲು ಮಾಡಿದ ಬೇರಿಂಗ್ ಅಲ್ಲ. ಸ್ಲೇವ್ ಒಳಗೆ ಸ್ಪ್ರಿಂಗ್ ಇದ್ದರೆ ಹೊರಗಿನ ಸ್ಪ್ರಿಂಗ್ ಅದಕ್ಕಿಂತ ಬಲವಾಗಿರಬೇಕು. ಫೋರ್ಕಿನ ತುದಿಯಲ್ಲಿ 2-3 ಮಿ.ಮೀ. ಸಡಿಲ ಉಳಿಯುವಂತೆ ಸ್ಲೇವಿನ ಪುಶ್ ರಾಡ್ ಹೊಂದಿಸಿ. ಪ್ಲೇಟ್ ಸವೆದಂತೆ ಈ ಸಡಿಲ ಕಡಿಮೆ ಆಗುತ್ತಾ ಬರುತ್ತದೆ, ಹಾಗಾಗಿ ಆಗಾಗ ನೋಡಬೇಕು.

ಸ್ಟಾರ್ಟ್ ಮಾಡಿ, ಪೆಡಲ್ ಒತ್ತಿ, ನಾಲ್ಕೈದು ಸೆಕೆಂಡ್ ಕಾಯಿರಿ, ರಿವರ್ಸ್ ಹಾಕಿ. ಹಳೇ 3 ಗೇರಿನ ಗೇರ್ ಬಾಕ್ಸಿನಲ್ಲಿ ಒಂದನೇ ಗೇರಿಗೂ ರಿವರ್ಸಿಗೂ ಸಿಂಕ್ರೋ (ವೇಗ ಸರಿಹೊಂದಿಸಿ ಗೇರ್ ಸಲೀಸಾಗಿ ಬೀಳಿಸುವ ಭಾಗ) ಇಲ್ಲ, ಹಾಗಾಗಿ ಅದೇ ಒಳ್ಳೇ ಪರೀಕ್ಷೆ. ಕರಕರ ಅನ್ನದೆ ಬಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆ. ಗೇರಿನಲ್ಲೇ ಪೆಡಲ್ ಒತ್ತಿಕೊಂಡು ಒಂದು ನಿಮಿಷ ಕೂತು ನೋಡಿ. ಗಾಡಿ ಮೆಲ್ಲಗೆ ತೆವಳಿದರೆ ಮಾಸ್ಟರಿನ ಸೀಲ್ ಒಳಗೇ ಎಣ್ಣೆ ಬಿಡುತ್ತಿದೆ, ಹೊರಗೆ ಒಂದು ಹನಿ ಕಾಣದಿದ್ದರೂ ಸಹ. ಇದೇ ಹೊತ್ತಿನಲ್ಲಿ ಇನ್ನೊಬ್ಬರು ಎರಡೂ ಬ್ರಾಕೆಟ್ ನೋಡಲಿ. ಒತ್ತಿದಾಗ ಕಣ್ಣಿಗೆ ಕಾಣುವಷ್ಟು ಬಾಗಿದರೆ ಮತ್ತೆ ಬಿಚ್ಚಿ ಗಟ್ಟಿ ಮಾಡಿಸಿ.

ಕಣದಲ್ಲಿ ನಾಲ್ಕು ಸುತ್ತು, ಆಮೇಲೆ ಗೇಟಿನವರೆಗೆ, ಆಮೇಲೆ ಊರಿನ ರಸ್ತೆ. ಸಂಪಾಜೆ ಘಾಟಿ, ಮಾಕುಟ್ಟ ಘಾಟಿ ಕಡೆಗೆಲ್ಲ ಮೊದಲ ದಿನವೇ ಭಾರ ಹೇರಿಕೊಂಡು ಹೋಗಬೇಡಿ. ಒಂದಷ್ಟು ಓಡಿದ ಮೇಲೆ ಎಲ್ಲಾ ಬೋಲ್ಟ್ ಮತ್ತೆ ಬಿಗಿಯಿರಿ, ಯೂನಿಯನ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸಿ ತೇವ ಇದೆಯಾ ನೋಡಿ.

ಇಂಜಿನ್ ಬದಲಾಯಿಸಿದ ಗಾಡಿ ಆದರೆ ಅದನ್ನು ಆರ್‌ಸಿಯಲ್ಲಿ ಸೇರಿಸಿದ್ದೀರಾ ಅಂತಲೂ ನೋಡಿಕೊಳ್ಳಿ. ಮಡಿಕೇರಿ ಆರ್‌ಟಿಒದಲ್ಲಿ ಅದಕ್ಕೆ ಅರ್ಜಿ ಕೊಡಬೇಕು.

ಮಳೆಗಾಲದಲ್ಲಿ

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಹೀರಿದ ಮೇಲೆ 140 ಡಿಗ್ರಿಗೆ ಇಳಿಯಬಹುದು. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಕ್ಲಚ್ಚಿನಲ್ಲಿ ಕುದಿಯುವುದು ಅಪರೂಪ. ತೇವದಿಂದ ಸಿಲಿಂಡರ್ ಒಳಗೆ ತುಕ್ಕು ಹಿಡಿಯುವುದೇ ನಮ್ಮ ಕಡೆ ದೊಡ್ಡ ತೊಂದರೆ. ಬೇರೆ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಿದರೆ ಸಾಕು. ಭಾಗಮಂಡಲದ ಕಡೆಯ ಮಳೆಯಲ್ಲಿ ನಿಲ್ಲುವ ಗಾಡಿಗೆ ಪ್ರತಿ ವರ್ಷ ಮಳೆ ಮುಗಿದ ಮೇಲೆ ಬದಲಾಯಿಸಿ. ಮುಚ್ಚಳ ತೆಗೆದು ಬಿಟ್ಟ ಹಳೇ ಬಾಟಲಿಯ ಎಣ್ಣೆ ಹಾಕಬೇಡಿ, ಚಿಕ್ಕ ಬಾಟಲಿ ಹೊಸದು ತನ್ನಿ.

ಸ್ಲೇವಿನ ರಬ್ಬರ್ ಬೂಟ್ ಹರಿದರೆ ಕೆಸರು ಒಳಗೆ ಹೋಗಿ ಪಿಸ್ಟನ್ ಹಿಡಿಯುತ್ತದೆ. ಬೂಟ್ ಒಳಗೆ ರಬ್ಬರ್ ಗ್ರೀಸ್ ಸವರಿ, ಬೇರಿಂಗಿಗೆ ಹಾಕುವ ಗ್ರೀಸ್ ಬೇಡ. ಗಾಡಿ ತೊಳೆಯುವಾಗ ನೀರಿನ ಪ್ರೆಶರ್ ಅಲ್ಲಿಗೆ ನೇರ ಹೊಡೆಯಬೇಡಿ. ಷೆಡ್ಡಿನಲ್ಲಿ ಇಲಿ ಕಾಟ ಇದ್ದರೆ ಹೋಸಿನ ಮೇಲೂ ಒಂದು ಕಣ್ಣಿರಲಿ.

ತೋಟದ ಕೊನೆಯಲ್ಲಿ ಕ್ಲಚ್ ಕೈಕೊಟ್ಟರೆ ಮೊದಲು ಡಬ್ಬಿ ನೋಡಿ. ಖಾಲಿ ಆಗಿದ್ದರೆ ತುಂಬಿ, ಹತ್ತಿಪ್ಪತ್ತು ಸಲ ಪಂಪ್ ಮಾಡಿದರೆ ಮನೆವರೆಗೆ ಬರುವಷ್ಟು ಒತ್ತಡ ಸಿಗಬಹುದು. ಸೀಟಿನ ಕೆಳಗೆ ಸೀಲ್ ಒಡೆಯದ ಒಂದು ಬಾಟಲಿ ಯಾವಾಗಲೂ ಇರಲಿ. ಅದಕ್ಕೂ ಬಗ್ಗದಿದ್ದರೆ ಇಂಜಿನ್ ಆಫ್ ಮಾಡಿ, ಮುಂದೆ ಯಾರೂ ಇಲ್ಲ ಅಂತ ನೋಡಿ, ಲೋ ರೇಂಜ್ ಒಂದನೇ ಗೇರ್ ಹಾಕಿ, ಗೇರಿನಲ್ಲೇ ಸೆಲ್ಫ್ ಹೊಡೆಯಿರಿ. ಗಾಡಿ ಹೊರಟೇ ಸ್ಟಾರ್ಟ್ ಆಗುತ್ತದೆ. ಆ ಒಂದೇ ಗೇರಿನಲ್ಲಿ ಮನೆವರೆಗೆ ಬನ್ನಿ. ನಿಲ್ಲಿಸಬೇಕಾದಾಗ ಬ್ರೇಕ್ ಒತ್ತಿ ಇಂಜಿನ್ ಆಫ್ ಮಾಡಿ.